ಗೆಳೆಯನಿಗೆ ಸಾಲ ಕೊಡುವಾಗ ಚೀಟಿ ಬರೆಸಿಕೊಳ್ಳಲೇ?

ಗಂಗಾವತಿಯ ಗುಮಾಸ್ತ:
ಅಕ್ಕಿ ಗಿರಣಿಯೊಂದರಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಊರವರ ಬಾಕಿಯನ್ನು ಪೈಸೆ ಬಿಡದೆ ಕೂಡಿ ಕಳೆಯುವ ನನಗೆ ನನ್ನದೇ ಒಂದು ಲೆಕ್ಕ ಬಗೆಹರಿಯುತ್ತಿಲ್ಲ.

ಬಾಲ್ಯದ ಗೆಳೆಯ ಕಾಲುವೆಯ ಕೊನೆಯಲ್ಲಿ 3 ಎಕರೆ ಗುತ್ತಿಗೆಗೆ ಹಿಡಿದಿದ್ದಾನೆ. ನಾಟಿಗೆ, ಗೊಬ್ಬರಕ್ಕೆ 60,000 ಬೇಕು. ಪಹಣಿ ಬೇರೆಯವರ ಹೆಸರಿನಲ್ಲಿದೆ, ಹಾಗಾಗಿ ಸೊಸೈಟಿಯ ಬೆಳೆಸಾಲ ಇಲ್ಲ. ಉಳಿದದ್ದು ದಲಾಲಿ ಅಂಗಡಿ: ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ. ನನ್ನ ಬಳಿ ಅಂಚೆ ಕಚೇರಿಯ ಆರ್‌ಡಿ ಇದೆ. ತಿಂಗಳಿಗೆ 2,000ದಂತೆ 42 ಕಂತು ಕಟ್ಟಿದ್ದೇನೆ. ಮಗಳ ನರ್ಸಿಂಗ್ ಓದಿಗೆಂದು ಇಟ್ಟ ಹಣ.

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಇದೇ ಗೆಳೆಯ ಎರಡು ಗಂಟೆಗೆ ಬೈಕಿನಲ್ಲಿ ಬಂದು, ರಬ್ಬರ್ ಬ್ಯಾಂಡ್ ಸುತ್ತಿದ 20,000 ನನ್ನ ಜೇಬಿಗೆ ತುರುಕಿದ. ನೋಟುಗಳಿಗೆ ಭತ್ತದ ದೂಳು ಹತ್ತಿತ್ತು. ಚೀಟಿ ಕೇಳಲಿಲ್ಲ. ತಿರುಗಿ ಕೊಟ್ಟಾಗ ಎಣಿಸಲೂ ಇಲ್ಲ. ಅಂಥವನಿಗೆ ‘ಬರೆದುಕೊಡು’ ಎನ್ನಲು ಬಾಯಿ ಬರುತ್ತಿಲ್ಲ. ಹೆಂಡತಿಯ ಮಾತು ಒಂದೇ: ಕೊಡಿ, ಬರೆಸಿಕೊಳ್ಳಿ.

ಸಿಂಧನೂರು ರೈತ:
ಅಣ್ಣ, 60,000ಕ್ಕೆ ತಿಂಗಳಿಗೆ 1,800 ಬಡ್ಡಿ. ಸೋನಾ ಮಸೂರಿ ಕೈಗೆ ಬರಲು ಐದು ತಿಂಗಳು ಹಿಡಿದರೆ 9,000 ಹೋಯಿತು. ಬಡ್ಡಿಯಾದರೂ ಕಣ್ಣಿಗೆ ಕಾಣುತ್ತದೆ. ಭತ್ತವನ್ನು ಅದೇ ಅಂಗಡಿಗೆ ಹಾಕಬೇಕಲ್ಲ, ತೂಕ ಅವರದು, ದರ ಅವರದು, ಅದು ಕಾಣುವುದಿಲ್ಲ. ಅಲ್ಲಿಗೆ ಹೋಗದಂತೆ ನೋಡಿಕೊಳ್ಳಿ. ಆದರೆ ಕೈಗೆ ನಗದು ಬೇಡ, ಗೊಬ್ಬರದ ಅಂಗಡಿಗೆ ನೀವೇ ಕಟ್ಟಿ. ಇನ್ನೊಂದು ಮಾತು: 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ನಮ್ಮಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಸುಗ್ಗಿಗೆ ಹಣ ಬರುತ್ತದೆಂದು ಮಗಳ ಶುಲ್ಕದ ದಿನ ಗೊತ್ತುಮಾಡಬೇಡಿ.

ಬಳ್ಳಾರಿ ಟೈಲರ್:
ಚೀಟಿಯಿಲ್ಲದೆ 15,000 ಕೊಟ್ಟೆ. ಈಗ ಅವನು ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. ಹಣಕ್ಕಿಂತ ಸಂಜೆಯ ಚಹಾಕ್ಕೆ ಜೊತೆ ತಪ್ಪಿದ್ದು ದೊಡ್ಡ ನಷ್ಟ.

ರಾಯಚೂರಿನ ಅಕ್ಕ:
ತಮ್ಮಾ, ಅಂಚೆ ಕಚೇರಿಯಲ್ಲೇ ಸೇವೆ ಮುಗಿಸಿದವಳು ನಾನು. ಆರ್‌ಡಿ ಮುರಿಸಬೇಡ. ಮೂರು ವರ್ಷದ ಮೇಲೆ ಮುರಿಸಬಹುದು, ಆದರೆ ಆಗ ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ. 12 ಕಂತು ತಪ್ಪದೆ ಕಟ್ಟಿದ್ದರೆ ಖಾತೆಯಲ್ಲಿರುವುದರ ಅರ್ಧದವರೆಗೆ ಸಾಲ ಸಿಗುತ್ತದೆ. ಆರ್‌ಡಿ ಬಡ್ಡಿಗಿಂತ ಶೇ 2 ಹೆಚ್ಚು, ಅಷ್ಟೇ. ನಿನಗೆ 42,000 ಬರುತ್ತದೆ. ಅಷ್ಟೇ ಕೊಡು, ಆ ಬಡ್ಡಿಯನ್ನು ಅವನೇ ಕಟ್ಟಲಿ. ಪ್ರಾಮಿಸರಿ ನೋಟ್ ಬರೆಸಿದರೂ ಅದು ಬರೆದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಿದರಷ್ಟೇ ಪ್ರಯೋಜನ. ನೀನು ದಾವೆ ಹೂಡುವವನಂತೆ ಕಾಣುವುದಿಲ್ಲ.

ಗಂಗಾವತಿಯ ಗುಮಾಸ್ತ:
ಅಕ್ಕಾ, ಸಾಲ ಸಿಕ್ಕಿತು. ನಿನ್ನೆ ಅವನ ಮನೆಗೆ ಹೋದೆ. 42,000 ಎಂದಾಗ ಮುಖ ಸ್ವಲ್ಪ ಇಳಿಯಿತು, ಸುಳ್ಳು ಹೇಳುವುದಿಲ್ಲ. ಉಳಿದದ್ದಕ್ಕೆ ಒಂದು ಎಕರೆಯ ನಾಟಿಯನ್ನು ಮನೆಯವರೇ ಮಾಡುತ್ತೇವೆ ಎಂದ. ಚೀಟಿಯ ಮಾತನ್ನು ಹೇಗೆ ಎತ್ತಲಿ ಎಂದು ನಾನು ಚಹಾದ ಲೋಟ ತಿರುಗಿಸುತ್ತಿದ್ದಾಗ ಅವನೇ ಮಗನ ನೋಟುಪುಸ್ತಕದ ಹಾಳೆ ಹರಿದು ತಂದ. ಡಿಎಪಿ 6 ಚೀಲ, 8,100; ನಾಟಿಯ ಆಳು; ಎಲ್ಲ ಬರೆದಿತ್ತು. ಕೆಳಗೆ ಅವನ ಸಹಿ, ಪಕ್ಕದಲ್ಲಿ ಅವನ ಹೆಂಡತಿಯ ಸಹಿ. ಕೊನೆಯ ಸಾಲಿನಲ್ಲಿ ‘ಗುಮಾಸ್ತರ ಚಹಾ, 10’ ಎಂದಿತ್ತು. ಅದನ್ನು ಹೊಡೆದುಹಾಕು ಎಂದೆ. ಹೊಡೆಯಲಿಲ್ಲ.