ಖಲಸಾರ್‌ಗೆ ಕನ್ನಡದಲ್ಲಿ ಏನನ್ನೋಣ? ಬುಡಕಟ್ಟು, ದಂಡು, ಪಾಳ್ಯ?

ಎಲ್ಲರಿಗೂ ನಮಸ್ಕಾರ. ಜಾರ್ಜ್ ಆರ್. ಆರ್. ಮಾರ್ಟಿನ್ 1996ರ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿಯಲ್ಲಿ ಕಟ್ಟಿಕೊಟ್ಟ ದೋಥ್ರಾಕಿ ಜನರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹುಲ್ಲುಬಯಲಲ್ಲಿ ಅಲೆಯುವ, ಕುದುರೆ ಬಿಟ್ಟರೆ ಬೇರೆ ಬದುಕೇ ಇಲ್ಲದ, ಸಿಕ್ಕ ಊರನ್ನು ಸೂರೆ ಮಾಡಿ ಮುಂದೆ ಹೋಗುವ ಜನ. ಬರಹ ಮುಕ್ಕಾಲು ಮುಗಿದಿದೆ. ಖಲಸಾರ್ ಅನ್ನುವ ಒಂದು ಪದ ಮಾತ್ರ ಬಿಡುತ್ತಿಲ್ಲ.

ಅವರ ಮುಖಂಡ ಖಾಲ್. ಅವನ ಹಿಂದೆ ಹೋಗುವ ಇಡೀ ಸಮೂಹ ಖಲಸಾರ್. ಕೈಗೆ ಮೊದಲು ಸಿಗುವ ಪದ ಬುಡಕಟ್ಟು, ಅಲ್ವಾ? ನಾನೂ ಅದನ್ನು ಹಾಕಿ ನೋಡಿದೆ, ಕೂರಲಿಲ್ಲ. ಬುಡಕಟ್ಟು ಅಂದರೆ ಹುಟ್ಟಿನಿಂದ ಬರುವುದು. ಮುಖಂಡ ಸತ್ತರೂ ಬುಡಕಟ್ಟು ಇರುತ್ತದೆ. ಖಲಸಾರ್ ಹಾಗಲ್ಲ. ಅದು ನಿಂತಿರುವುದು ಒಬ್ಬನ ಮೇಲೆ. ಕಥೆಯಲ್ಲಿ ಖಾಲ್ ದ್ರೋಗೋನ ಬೆನ್ನಿಗೆ ನಲವತ್ತು ಸಾವಿರ ಸವಾರರಿದ್ದಾರೆ, ಹೆಂಗಸರು, ಮಕ್ಕಳು, ಗುಲಾಮರು ಬೇರೆ. ಎದೆಯ ಗಾಯ ಕೀವುಗಟ್ಟಿ ಅವನು ಕುದುರೆಯಿಂದ ಬಿದ್ದದ್ದೇ ತಡ, ಅವನ ಕೈಕೆಳಗಿನ ನಾಯಕರು ತಮ್ಮ ತಮ್ಮ ಜನರನ್ನು ಕಟ್ಟಿಕೊಂಡು, ತಾವೇ ಖಾಲ್ ಅನ್ನಿಸಿಕೊಂಡು, ಕುದುರೆಗಳನ್ನೂ ಹೊಡೆದುಕೊಂಡು ಹೊರಟುಬಿಡುತ್ತಾರೆ. ಉಳಿಯುವುದು ಮುದುಕರು, ರೋಗಿಗಳು, ಹೆದರಿದವರು. ಕುದುರೆ ಏರಲಾಗದವನು ಖಾಲ್ ಅಲ್ಲ ಅನ್ನುವುದು ಅವರ ಕಟ್ಟಳೆ. ಇಷ್ಟು ಬೇಗ ಕರಗಿಹೋಗುವುದಕ್ಕೆ ಬುಡಕಟ್ಟು ಅಂದರೆ ಓದುವವರಿಗೆ ತಪ್ಪು ಚಿತ್ರ ಸಿಗುತ್ತದೆ.

ಸೇನೆ, ಪಡೆ ಅಂದರೂ ಸಾಲದು, ಅವೆರಡರಲ್ಲೂ ಮಕ್ಕಳಿಗೆ ಜಾಗವಿಲ್ಲ. ಹಿಂಡು ಅಂದರೆ ಮನುಷ್ಯರನ್ನು ದನ ಅಂದಂತೆ. ಪರಿವಾರ ಅಂದರೆ ಅರಮನೆ ನೆನಪಾಗುತ್ತದೆ.

ನನಗೆ ಹತ್ತಿರ ಅನ್ನಿಸಿದ್ದು ದಂಡು. ದಂಡೆತ್ತಿ ಹೋದ, ದಂಡು ಬಂತು ಅನ್ನುವಾಗ ಅದು ಸೈನ್ಯ. ಆದರೆ ಸೈನ್ಯ ಬೀಡುಬಿಟ್ಟ ಜಾಗಕ್ಕೂ ದಂಡು ಅಂತಲೇ ಹೆಸರು. ‘ಹೆಂಡತಿ ಮಕ್ಕಳ ದಂಡೇ ಬಂತು’ ಅಂತ ಮನೆಮಾತಿನಲ್ಲೂ ಹೇಳುತ್ತೇವೆ, ಅಲ್ಲಿ ಕತ್ತಿಯೂ ಇಲ್ಲ, ಯುದ್ಧವೂ ಇಲ್ಲ, ಸುಮ್ನೆ ಜನ ಜಾಸ್ತಿ ಅಂತ. ಜನ, ಪಡೆ, ಬೀಡು ಮೂರೂ ಒಂದೇ ಪದದಲ್ಲಿ ಸಿಗುವುದು ನನಗೆ ತುಂಬ ಹಿಡಿಸಿತು. ತುರ್ಕಿ ನುಡಿಗಳ ಒರ್ದು ಕೂಡ ಹೀಗೆಯೇ ಬೀಡಿಗೂ ಪಡೆಗೂ ಆಗುತ್ತದೆ. ಇಂಗ್ಲಿಷಿನ ಹೋರ್ಡ್ ಹುಟ್ಟಿದ್ದು ಅದರಿಂದ, ಉರ್ದು ಭಾಷೆಯ ಹೆಸರೂ ಅಲ್ಲಿಂದಲೇ ಬಂತು. ಮಾರ್ಟಿನ್ ಈ ಜನರನ್ನು ಮಂಗೋಲರು, ಹೂಣರಂಥ ಹುಲ್ಲುಗಾವಲಿನ ಸವಾರರಿಂದಲೂ ಅಮೆರಿಕದ ಬಯಲಿನ ಮೂಲನಿವಾಸಿಗಳಿಂದಲೂ ಅಷ್ಟಿಷ್ಟು ತೆಗೆದುಕೊಂಡು ಕಲ್ಪಿಸಿದ್ದು ಅನ್ನುವುದನ್ನು ನೆನೆದರೆ ದಂಡು ಇನ್ನೂ ಒಪ್ಪುತ್ತದೆ. ಪಾಳ್ಯ ಯಾಕೆ ಬೇಡ ಅಂದರೆ ಅದು ನಿಂತ ಜಾಗ. ದಂಡು ನಡೆಯುತ್ತದೆ.

ಇನ್ನು ಇವರಲ್ಲಿ ಕುದುರೆ ಏರಿದವನಿಗೆ ಸವಾರ ಅನ್ನೋಣವೋ, ರಾವುತ ಅನ್ನೋಣವೋ? ರಾವುತ ಚಂದದ ಪದ, ಓದಿದರೆ ಕುದುರೆ ಕಣ್ಣಿಗೆ ಕಟ್ಟುತ್ತದೆ. ಆದರೆ ಅದರ ಮೂಲ ರಾಜಪುತ್ರ, ಜೊತೆಗೆ ದೊರೆಯ ಸಂಬಳ ತಿನ್ನುವವನು ಅನ್ನುವ ನೆರಳೂ ಇದೆ. ದೋಥ್ರಾಕಿಗೆ ಸಂಬಳವಿಲ್ಲ. ಸವಾರ ಇವತ್ತು ಬೈಕ್ ಓಡಿಸುವವನಿಗೂ ಆಗುತ್ತದೆ ನಿಜ, ಆದರೂ ಆ ಪಾರಸಿ ಪದದ ಹೊಟ್ಟೆಯೊಳಗೆ ಕುದುರೆ ಇದೆ, ಅದರ ಹಳೆಯ ರೂಪ ಅಸಬಾರ, ಕುದುರೆ ಯಾರನ್ನು ಹೊತ್ತೊಯ್ಯುತ್ತದೋ ಅವನು ಅಂತ. ದೋಥ್ರಾಕಿ ಅಂದರೂ ಸವಾರರು ಅಂತಲೇ ಅರ್ಥ. ಈ ಕಥೆಯ ಟಿವಿ ಸರಣಿಗಾಗಿ ದೋಥ್ರಾಕಿ ನುಡಿಯನ್ನು ಪೂರ್ತಿಯಾಗಿ ಕಟ್ಟಿದ ಡೇವಿಡ್ ಪೀಟರ್ಸನ್ ಪ್ರಕಾರ ದೋಥ್ರಾಕ್ ಏಕವಚನ, ದೋಥ್ರಾಕಿ ಬಹುವಚನ. ಹಾಗಾದರೆ ದೋಥ್ರಾಕಿಗಳು ಅನ್ನುವುದು ಎರಡು ಸಲ ಬಹುವಚನ ಮಾಡಿದ ಹಾಗೆ. ನಾನು ದೋಥ್ರಾಕಿ ಜನ, ದೋಥ್ರಾಕಿಯವರು ಅಂತ ಬರೆಯುತ್ತಿದ್ದೇನೆ, ಕನ್ನಡಕ್ಕೂ ಅದು ಸಲೀಸು.

ಖಾಲ್‌ನ ಹೆಂಡತಿಯನ್ನು ಖಲೀಸಿ ಅಂತ ಬರೆಯುವವರೇ ಹೆಚ್ಚು. ಪೀಟರ್ಸನ್ ನಿಯಮ ಹಿಡಿದರೆ ಅದು ಖಲೇಸಿ. ಇಂಗ್ಲಿಷ್ ಕಾಗುಣಿತದ ಜೋಡಿ ‘e’ ನಮ್ಮನ್ನು ದಾರಿ ತಪ್ಪಿಸಿದೆ. ನುಡಿ ಕಟ್ಟಿದವರೇ ಹೇಳಿದ ಮೇಲೆ ಖಲೇಸಿ ಬರೆಯುವುದು ಸರಿ ಅಂತ ನನ್ನ ಪಟ್ಟು.

ಇನ್ನೊಂದು ಸಂಗತಿ ಹೇಳಲೇಬೇಕು. ಈ ಜನಕ್ಕೆ ದುಡ್ಡು ಕೊಟ್ಟು ಕೊಳ್ಳುವುದು, ಮಾರುವುದು ಅರ್ಥವಾಗುವುದಿಲ್ಲ. ಉಡುಗೊರೆ ಕೊಡುತ್ತಾರೆ, ಪಡೆಯುತ್ತಾರೆ, ಇಲ್ಲವೇ ಕಿತ್ತುಕೊಳ್ಳುತ್ತಾರೆ. ನಮ್ಮ ಕೊಳ್ಳು, ಕೊಳ್ಳೆ ಎರಡೂ ಒಂದೇ ಬೇರಿನವು. ಶಾಸನಗಳ ತುರುಗೋಳ್, ಅಂದರೆ ದನ ಹಿಡಿದೊಯ್ಯುವುದು, ಅದೂ ಕೊಳ್ ಇಂದಲೇ. ಹಾಗಾಗಿ ಇವರ ದಾಳಿಗೆ ಲೂಟಿಗಿಂತ ಕೊಳ್ಳೆ ವಾಸಿ ಅನ್ನಿಸಿದೆ. ಲೂಟಿಯಲ್ಲಿ ಕಳ್ಳತನದ ವಾಸನೆ ಜಾಸ್ತಿ. ಇವರು ಕದಿಯುವುದಿಲ್ಲ, ಹಗಲಲ್ಲೇ ಬಂದು ನಿಲ್ಲುತ್ತಾರೆ, ನಗರಗಳೇ ಹೆದರಿ ಉಡುಗೊರೆ ಕೊಟ್ಟು ಸಾಗಹಾಕುತ್ತವೆ.

ನಿಮ್ಮಲ್ಲಿ ಹಳಗನ್ನಡ ಬಲ್ಲವರು ಹೇಳಿ: ಕಾವ್ಯಗಳಲ್ಲಾಗಲಿ ಶಾಸನಗಳಲ್ಲಾಗಲಿ, ಹೆಂಡತಿ ಮಕ್ಕಳು, ದನಕರು ಸಮೇತ ಒಬ್ಬ ನಾಯಕನ ಹಿಂದೆ ನಡೆಯುವ ಸಮೂಹಕ್ಕೆ ಬೇರೆ ಪದ ಬಳಕೆಯಾಗಿದೆಯಾ? ಇದ್ದರೆ ಆ ಸಾಲನ್ನೂ ಹಾಕಿ. ಇಲ್ಲವಾದರೆ ಮೊದಲ ಸಲ ಖಲಸಾರ್ ಅಂತ ಬರೆದು, ಆಮೇಲೆ ಉದ್ದಕ್ಕೂ ‘ಖಾಲ್‌ನ ದಂಡು’ ಅಂತ ಬಳಸುತ್ತೇನೆ. ಅದು ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?