‘ಲೋಡ್’ಗೆ ಈಡು ಸಾಲದೇ? ತೋಟಾ, ಗುಂಡು, ಗ್ರೇನ್ ಕುರಿತು

ಪ್ರಶ್ನೆ:

ಭಾರಿ ಮೃಗಗಳ ಬೇಟೆಗೆ ತಕ್ಕ ರೈಫಲ್ ತೋಟಾ ಆರಿಸುವುದು, ಅದನ್ನು ನಾವೇ ತುಂಬಿಕೊಳ್ಳುವುದು ಹೇಗೆ ಎಂಬ ಕೈಪಿಡಿಯ ಕನ್ನಡ ಕರಡು ತಿದ್ದುವ ಕೆಲಸ ನಡೆದಿದೆ. ಕಾರ್ಟ್ರಿಜ್, ಬುಲೆಟ್, ರೌಂಡ್ ಮೂರೂ ಅದರಲ್ಲಿ ‘ಗುಂಡು’ ಆಗಿವೆ. ಲೋಡ್ ಎಂಬುದು ‘ಹೊರೆ’, ಹ್ಯಾಂಡ್‌ಲೋಡ್ ‘ಕೈಹೊರೆ’, ಬಿಗ್ ಗೇಮ್ ‘ದೊಡ್ಡ ಆಟ’. ಗ್ರೇನ್ ಒಂದು ಕಡೆ ಗ್ರಾಂ, ಇನ್ನೊಂದು ಕಡೆ ಕಾಳು. ಬಳಕೆಯ ಮಾತುಗಳು ಯಾವುವು? ‘ಸಾಲಿಡ್’, ‘ಸೆಕ್ಷನಲ್ ಡೆನ್ಸಿಟಿ’, ‘ಹೆಡ್‌ಸ್ಪೇಸ್’ ಇವಕ್ಕೂ ದಾರಿ ತೋರಿಸಿ.

ಉತ್ತರ:

ಗ್ರೇನ್‌ನಿಂದಲೇ ಶುರು ಮಾಡೋಣ. ಉಳಿದ ಪದ ತಪ್ಪಿದರೆ ಓದುವವರು ನಕ್ಕು ಸುಮ್ಮನಾಗುತ್ತಾರೆ. ಇದು ತಪ್ಪಿದರೆ ರೈಫಲ್ ಒಡೆಯುತ್ತದೆ. ಗ್ರೇನ್ ತೂಕದ ಅಳತೆ, ಎಣಿಕೆಯಲ್ಲ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ ಸುಮಾರು 15.4. ‘180 ಗ್ರೇನಿನ ಗುಂಡು’ ಎಂದರೆ 11.66 ಗ್ರಾಂ. 50 ಗ್ರೇನ್ ಮದ್ದು 3.24 ಗ್ರಾಂ ಆಗುತ್ತದೆ. ಅದನ್ನು ‘50 ಗ್ರಾಂ’ ಎಂದು ಬರೆದರೆ ಅಷ್ಟು ಮದ್ದು ಯಾವ ಬೇಟೆ ರೈಫಲಿನ ತೋಟಾದಲ್ಲೂ ಹಿಡಿಸುವುದಿಲ್ಲ, ಹಾಗಾಗಿ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದ ತಪ್ಪು ಬೇರೆ: ಓದುಗರಿಗೆ ಅನುಕೂಲವಾಗಲೆಂದು ಗ್ರಾಮಿಗೆ ಪರಿವರ್ತಿಸಿ 3.24 ಅನ್ನು 3.3 ಎಂದು ದುಂಡಾಗಿಸುವುದು. ಹೆಚ್ಚಾದ 0.06 ಗ್ರಾಂ ಎಂದರೆ ಸುಮಾರು ಒಂದು ಗ್ರೇನ್. ಮದ್ದಿನ ಗರಿಷ್ಠ ಮಿತಿಯ ಹತ್ತಿರ ಅರ್ಧ ಗ್ರೇನಿನಷ್ಟೇ ಏರಿಸಿ ನೋಡುವ ಕೆಲಸದಲ್ಲಿ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಪಟ್ಟಿಗಳಲ್ಲಿ ‘ಗ್ರೇನ್’ ಎಂದೇ ಇರಲಿ, ಪೂರ್ತಿಯಾಗಿ ಬರೆಯಿರಿ. ‘ಗ್ರೇ.’ ಎಂದು ಮೊಟಕು ಮಾಡಿದರೆ ಮುದ್ರಣದಲ್ಲಿ ‘ಗ್ರಾ.’ ಆಗಲು ಒಂದು ಒತ್ತು ಸಾಕು.

ತೋಟಾ (ಕಾರ್ಟ್ರಿಜ್, ರೌಂಡ್) ಎಂದರೆ ಇಡೀ ಕಟ್ಟು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ನಳಿಗೆಯಿಂದ ಹೊರಗೆ ಹಾರುವುದು ಗುಂಡು (ಬುಲೆಟ್) ಮಾತ್ರ. ‘ಜೀವಂತ ಗುಂಡುಗಳು ವಶ’ ಎಂದು ಪತ್ರಿಕೆ ಬರೆದಾಗ ಸಿಕ್ಕಿದ್ದು ಹೊಡೆಯದ ತೋಟಾ ಅಷ್ಟೆ. ಗುಂಡಿಗೆ ಜೀವ ತುಂಬುವ ಅಗತ್ಯವಿಲ್ಲ. ಹೊಡೆದ ಮೇಲೆ ಕೈಗೆ ಸಿಗುವುದು ಖಾಲಿ ತೋಟಾ. ಪ್ರೈಮರ್‌ಗೆ ಕೇಪಿನ ಕೋವಿಯ ಕಾಲದಿಂದ ಇರುವ ‘ಕೇಪು’ ಸಾಕು. ಪ್ರೈಮರ್ ಎಂದರೆ ಗೋಡೆಗೆ ಬಳಿಯುವುದು ನೆನಪಾಗುತ್ತದೆ.

ಲೋಡ್‌ಗೆ ಮೂರು ಅರ್ಥವಿದೆ, ಮೂರನ್ನೂ ಒಂದೇ ಪದದಲ್ಲಿ ಹಿಡಿಯಲು ಹೋಗಬೇಡಿ. ರೈಫಲಿಗೆ ತೋಟಾ ಹಾಕುವುದು ‘ತುಂಬು’. ಖಾಲಿ ತೋಟಾಕ್ಕೆ ಹೊಸ ಕೇಪು, ಮದ್ದು, ಗುಂಡು ಕೂರಿಸುವುದು ‘ತೋಟಾ ತುಂಬು’. ಯಾವ ಮದ್ದು ಎಷ್ಟು ಗ್ರೇನ್, ಯಾವ ಗುಂಡು, ಯಾವ ಕೇಪು, ಒಟ್ಟು ಉದ್ದ ಎಷ್ಟು ಎಂಬ ಹೊಂದಿಕೆಗೆ ‘ಈಡು’ ಹೇಳಿ ಮಾಡಿಸಿದ ಹಾಗಿದೆ. ಈಡುಗಾರ, ಈಡು ಹೊಡೆ ಎಂಬ ಮಾತುಗಳು ಇದ್ದೇ ಇವೆ. ಹ್ಯಾಂಡ್‌ಲೋಡ್‌ಗೆ ‘ಕೈತುಂಬಿದ ತೋಟಾ’ ಬೇಡ, ಕೈತುಂಬ ಸಂಬಳದ ಹಾಗೆ ಕೇಳಿಸುತ್ತದೆ. ‘ಕೈಯೀಡು’ ಎಂದರೆ ಅರ್ಥ ನೇರವಾಗಿ ಬರುತ್ತದೆ.

ಗೇಮ್‌ಗೆ ‘ಮಿಕ’. ಬಿಗ್ ಗೇಮ್ ‘ದೊಡ್ಡ ಮಿಕ’. ಆನೆ, ಆಫ್ರಿಕಾದ ಕಾಡೆಮ್ಮೆಯಂಥವನ್ನು ಬೇರೆಯಾಗಿ ಹೇಳಬೇಕಾದಲ್ಲಿ ‘ಮೇಲೆ ಬೀಳುವ ಮಿಕ’ ಎನ್ನಬಹುದು.

ತೋಟಾದ ಹೆಸರಿನಲ್ಲಿರುವ ಅಂಕಿಗಳನ್ನು ಹಾಗೇ ಬಿಡಿ, ಆದರೆ ಮೊದಲ ಸಲ ಬಂದಾಗ ಬಿಡಿಸಿ ಹೇಳಿ. ಅವುಗಳಿಗೆ ಒಂದೇ ಕಟ್ಟುಪಾಡಿಲ್ಲ. .30-06ರ 06 ಎಂಬುದು 1906ನೇ ಇಸವಿ. .30-30ರ ಎರಡನೇ 30 ಆಗಿನ ಹೊಗೆಯಿಲ್ಲದ ಮದ್ದಿನ ಗ್ರೇನ್ ಲೆಕ್ಕ. 9.3×62ರಲ್ಲಿ ಗುಂಡಿನ ಅಳತೆ, ಕೊಳವೆಯ ಉದ್ದ ಎರಡೂ ಮಿಲಿಮೀಟರಿನಲ್ಲಿವೆ. .270 ವಿಂಚೆಸ್ಟರ್ ಹಾರಿಸುವ ಗುಂಡಿನ ವ್ಯಾಸ 0.277 ಇಂಚು. 1912ರ .375 ಎಚ್ ಆ್ಯಂಡ್ ಎಚ್ (ಹಾಲೆಂಡ್ ಆ್ಯಂಡ್ ಹಾಲೆಂಡ್) ಮ್ಯಾಗ್ನಮ್‌ನಲ್ಲಿ ಹೆಸರೂ ವ್ಯಾಸವೂ ಒಂದೇ. ಹೆಸರು ನೋಡಿ ಗುಂಡು ಕೊಂಡರೆ ಕೆಡುತ್ತದೆ ಎಂಬ ಒಂದು ಸಾಲು ಅಲ್ಲಿರಲಿ.

ಆಯ್ಕೆಯ ಅಧ್ಯಾಯದಲ್ಲಿ ಹೆಚ್ಚು ದಾರಿ ತಪ್ಪಿಸುವುದು ‘ಸಾಲಿಡ್’. ಅದನ್ನು ‘ಘನ ಗುಂಡು’ ಎಂದರೆ ಒಂದೇ ಲೋಹದಲ್ಲಿ ಮಾಡಿದ್ದು ಎಂದಾಗುತ್ತದೆ. ಬೇಟೆಯ ಮಾತಿನಲ್ಲಿ ಸಾಲಿಡ್ ಎಂದರೆ ತಗುಲಿದ ಮೇಲೂ ಆಕಾರ ಬಿಡದೆ ಆಳಕ್ಕೆ ಇಳಿಯುವುದು. ಒಳಗೆ ಸೀಸ, ಮೇಲೆ ದಪ್ಪ ಉಕ್ಕಿನ ಕವಚ ಇರುವವೂ ಸಾಲಿಡ್ಡೇ. ಮತ್ತೊಂದು ಕಡೆ, ಪೂರಾ ತಾಮ್ರದಲ್ಲಿ ಮಾಡಿದ ಎಷ್ಟೋ ಗುಂಡುಗಳು ಮೂತಿ ಬಿಚ್ಚಿ ಅರಳುತ್ತವೆ. ಆದ್ದರಿಂದ ‘ಅರಳುವ ಗುಂಡು’, ‘ಅರಳದ ಗುಂಡು’ ಎಂಬ ಜೋಡಿಯೇ ಸರಿ. ಎಲ್ಕ್, ಮೂಸ್‌ನಂಥ ದೊಡ್ಡ ಜಿಂಕೆಗಳಿಗೆ ಅರಳುವುದು. ಆನೆಯ ತಲೆಬುರುಡೆ ದಾಟಬೇಕಾದಲ್ಲಿ ಅರಳದ್ದು.

ಸೆಕ್ಷನಲ್ ಡೆನ್ಸಿಟಿಯನ್ನು ‘ಸಾಂದ್ರತೆ’ ಎನ್ನಬೇಡಿ, ಲೋಹದ ಸಾಂದ್ರತೆಗೂ ಅದಕ್ಕೂ ಸಂಬಂಧವಿಲ್ಲ. ಪೌಂಡಿನಲ್ಲಿರುವ ತೂಕವನ್ನು ಇಂಚಿನಲ್ಲಿರುವ ವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಅದು. 0.308 ಇಂಚಿನ 180 ಗ್ರೇನ್ ಗುಂಡಿಗೆ 0.271, 0.375 ಇಂಚಿನ 300 ಗ್ರೇನಿಗೆ 0.305, 0.458 ಇಂಚಿನ 500 ಗ್ರೇನಿಗೆ 0.341. ‘ಅಡ್ಡಗಾತ್ರದ ಭಾರ’ ಎಂದು ನನ್ನ ಸಲಹೆ. ಅಂಕಿ ಹೆಚ್ಚಿದಷ್ಟೂ ಗುಂಡು ಆಳಕ್ಕೆ ಹೋಗುತ್ತದೆ ಎಂಬ ಮಾತು ಒಂದೇ ಬಗೆಯ, ಅರಳದ ಗುಂಡುಗಳನ್ನು ಹೋಲಿಸುವಾಗ ನಿಲ್ಲುತ್ತದೆ. ಅರಳಿದ ಕ್ಷಣವೇ ವ್ಯಾಸ ಬದಲಾಗಿ ಹಳೆಯ ಅಂಕಿ ಸುಳ್ಳಾಗುತ್ತದೆ.

ಸಾಂದ್ರತೆಯ ಮಾತು ನಿಜವಾಗಿ ಬೇಕಾಗುವುದು ಕೈಯೀಡಿನಲ್ಲಿ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕದ ತಾಮ್ರದ ಗುಂಡು ಉದ್ದವಾಗಿರುತ್ತದೆ. ಒಟ್ಟು ಉದ್ದ ಅಷ್ಟೇ ಇಟ್ಟು ಕೂರಿಸಿದರೆ ಅದು ಕೊಳವೆಯೊಳಗೆ ಹೆಚ್ಚು ಇಳಿದು ಮದ್ದಿನ ಜಾಗ ತಿನ್ನುತ್ತದೆ, ಒತ್ತಡ ಏರುತ್ತದೆ. ಸೀಸದ ಗುಂಡಿನ ಈಡನ್ನು ತೂಕ ಒಂದೇ ಎಂದು ತಾಮ್ರಕ್ಕೆ ಎತ್ತಿ ಬರೆಯುವಂತಿಲ್ಲ.

ಕೊಳವೆಯ ಭಾಗಗಳಿಗೆ ಮಡಕೆಯ ಮಾತೇ ಇದೆ: ಬಾಯಿ, ಕೊರಳು, ಹೆಗಲು, ಒಡಲು, ಬುಡ. ಹೆಡ್‌ಸ್ಪೇಸ್ ಎಂದರೆ ತೋಟಾದ ಹಿಂಬದಿಯನ್ನು ಮುಚ್ಚುವ ಬೋಲ್ಟಿನ ಮುಖಕ್ಕೂ ತೋಟಾವನ್ನು ಮುಂದೆ ಹೋಗದಂತೆ ತಡೆಯುವ ಜಾಗಕ್ಕೂ ನಡುವಿನ ಅಳತೆ. ಆ ತಡೆ ಕೆಲವಕ್ಕೆ ಬುಡದ ಅಂಚು, .30-06ರಂಥವಕ್ಕೆ ಹೆಗಲು, .375 ಎಚ್ ಆ್ಯಂಡ್ ಎಚ್‌ಗೆ ಬುಡದ ಮೇಲಿನ ಪಟ್ಟಿ. ಒಂದೇ ಕನ್ನಡ ಪದ ಹೊಸೆಯುವುದಕ್ಕಿಂತ ‘ಹೆಡ್‌ಸ್ಪೇಸ್’ ಎಂದೇ ಇಟ್ಟು ಹೀಗೆ ವಿವರಿಸುವುದು ಮೇಲು. ಏಕೆ ಮುಖ್ಯ ಎಂಬುದೂ ಬರಲಿ: ಖಾಲಿ ತೋಟಾವನ್ನು ಅಚ್ಚಿಗೆ ಒತ್ತಿ ಅಳತೆಗೆ ತರುವಾಗ ಹೆಗಲನ್ನು ಅತಿಯಾಗಿ ಹಿಂದಕ್ಕೆ ತಳ್ಳಿದರೆ, ಪ್ರತಿ ಹೊಡೆತಕ್ಕೂ ಒಡಲು ಹಿಗ್ಗಿ ಬುಡದ ತುಸು ಮೇಲೆ ಹಿತ್ತಾಳೆ ತೆಳುವಾಗುತ್ತದೆ. ಹೊರಗೆ ಹೊಳೆಯುವ ಉಂಗುರದ ಗೆರೆ ಕಾಣುತ್ತದೆ. ತುದಿ ಬಗ್ಗಿಸಿದ ಸಣ್ಣ ತಂತಿಯನ್ನು ಒಳಗಿಂದ ಮೇಲಕ್ಕೆಳೆದರೆ ಅದೇ ಜಾಗದಲ್ಲಿ ಹಳ್ಳಕ್ಕೆ ಸಿಕ್ಕಿಕೊಳ್ಳುತ್ತದೆ. ಅಂಥದ್ದನ್ನು ಎಸೆಯಬೇಕು, ತುಂಬಿದರೆ ಬುಡ ಕಿತ್ತು ಬಂದು ಒಡಲು ನಳಿಗೆಯಲ್ಲೇ ಉಳಿಯುತ್ತದೆ. ಮೇಲೆ ಬೀಳುವ ಮಿಕದ ಮುಂದೆ ಎರಡನೇ ಹೊಡೆತಕ್ಕೆ ಆಗ ದಾರಿಯೇ ಇಲ್ಲ.

ಕ್ರಿಂಪ್‌ಗೆ ‘ಬಾಯಿ ಬಿಗಿಸು’: ಕೊಳವೆಯ ಬಾಯನ್ನು ಗುಂಡಿಗೆ ಒತ್ತಿ ಹಿಡಿಸುವುದು. ಭಾರಿ ರೈಫಲಿನ ಒದೆತಕ್ಕೆ ಮ್ಯಾಗಜೀನಿನಲ್ಲಿ ಕಾಯುತ್ತಿರುವ ತೋಟಾಗಳ ಗುಂಡು ಒಳಕ್ಕೆ ಜಾರದಿರಲೆಂದು ಅದು. ಗುಂಡಿನ ಸುತ್ತಲಿನ ಗೀರುಪಟ್ಟಿಯ ಮೇಲೇ ಬಿಗಿಸಬೇಕು. ಕೊಳವೆಗಳನ್ನು ಮೊದಲೇ ಒಂದೇ ಉದ್ದಕ್ಕೆ ಕತ್ತರಿಸಿರದಿದ್ದರೆ ಬಿಗಿ ಒಂದೊಂದಕ್ಕೆ ಒಂದೊಂದು ಥರ ಆಗುತ್ತದೆ.

ಇನ್ನೊಂದು ಉತ್ತರ:

ಮೇಲಿನದಕ್ಕೆ ಒಪ್ಪಿಗೆ, ಎರಡು ಸೇರ್ಪಡೆ. ‘ಮ್ಯಾಕ್ಸಿಮಮ್ ಲೋಡ್’ ಅನ್ನು ‘ಪೂರ್ಣ ಈಡು’ ಎಂದು ಬರೆಯಬೇಡಿ. ಅಲ್ಲಿಗೆ ಮುಟ್ಟಲೇಬೇಕು ಎಂದು ಕೇಳಿಸುತ್ತದೆ. ‘ಮೇಲ್ಮಿತಿ ಈಡು’ ಎನ್ನಿ. ಅದಕ್ಕಿಂತ ಶೇ 10ರಷ್ಟು ಕೆಳಗಿನಿಂದ ಶುರು ಮಾಡಿ ಏರುವುದು ರೂಢಿ. ಕೇಪು, ಗುಂಡು, ಕೊಳವೆ, ಮದ್ದಿನ ಲಾಟ್ (ಒಂದೇ ಸಲ ತಯಾರಾದ ಕಂತು) ಇವುಗಳಲ್ಲಿ ಒಂದು ಬದಲಾದರೂ ಮತ್ತೆ ಕೆಳಗಿನಿಂದಲೇ. ಬೋಲ್ಟ್ ಎತ್ತಲು ಬಿಗಿಯಾಗುವುದು, ಬುಡದ ಮೇಲೆ ಖಾಲಿ ತೋಟಾವನ್ನು ಹೊರಗೆಸೆಯುವ ಎಜೆಕ್ಟರಿನ ಹೊಳೆಯುವ ಗುರುತು ಬೀಳುವುದು, ಕೇಪು ಚಪ್ಪಟೆಯಾಗುವುದು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ‘ಕಡಿಮೆ ಈಡು ಯಾವಾಗಲೂ ಸುರಕ್ಷಿತ’ ಎಂಬ ವಾಕ್ಯ ಕರಡಿನಲ್ಲಿದ್ದರೆ ಹೊಡೆದುಹಾಕಿ. ದೊಡ್ಡ ಕೊಳವೆಯಲ್ಲಿ ನಿಧಾನವಾಗಿ ಉರಿಯುವ ಮದ್ದನ್ನು ಪಟ್ಟಿಯ ಆರಂಭದ ಅಳತೆಗಿಂತಲೂ ಇಳಿಸಿದರೆ ಉರಿ ತಡವಾಗಿ ಹತ್ತಬಹುದು, ಒತ್ತಡ ಅಡ್ಡಾದಿಡ್ಡಿ ಏರಲೂಬಹುದು.

ಎರಡನೆಯದು, ಡಬ್ಬಿಯ ಮೇಲಿನ ಚೀಟಿ. ಪದಗಳು ಸರಿಯಾಗಿವೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಮಾದರಿ ಹೀಗಿರಲಿ: ‘ತೋಟಾ: .375 ಎಚ್ ಆ್ಯಂಡ್ ಎಚ್. ಗುಂಡು: 300 ಗ್ರೇನ್, ಅರಳದ್ದು. ಮದ್ದು: ಹೆಸರು, ಲಾಟ್ ಸಂಖ್ಯೆ, ಗ್ರೇನ್. ಕೇಪು: ಹೆಸರು, ಬಗೆ. ಒಟ್ಟು ಉದ್ದ. ಕೊಳವೆ: ಎಷ್ಟನೇ ತುಂಬುವಿಕೆ. ಯಾವ ರೈಫಲಿಗೆ. ತಾರೀಕು.’ ಇದರಲ್ಲಿ ‘ಗುಂಡು’ ಇರುವ ಜಾಗದಲ್ಲಿ ‘ತೋಟಾ’ ಬಂದರೆ 300 ಗ್ರೇನ್ ಯಾವುದರ ತೂಕ ಎಂದು ಯಾರೂ ಹೇಳಲಾರರು.