‘ಪಾಠದ ವೇಳೆ’ಯೋ ‘ಪಾಠದ ಅಂಗವಾಗಿ’ಯೋ?

ಗೆಳೆಯರೇ, ನಮಸ್ಕಾರ.

ಮೂರು ವಾರದಿಂದ ಐದೇ ಐದು ಇಂಗ್ಲಿಷ್ ಪದಗಳ ಮುಂದೆ ಕೂತಿದ್ದೇನೆ. ‘ಇನ್ ದ ಕೋರ್ಸ್ ಆಫ್ ಇನ್‌ಸ್ಟ್ರಕ್ಷನ್’. ಇದಕ್ಕೆ ಕನ್ನಡದಲ್ಲಿ ಏನಂತೀರಿ?

ಹಿನ್ನೆಲೆ ಹೇಳಿಬಿಡುತ್ತೇನೆ. ಗ್ರಂಥಾಲಯ ವಿಜ್ಞಾನ ಓದುವ ಹುಡುಗರಿಗೆ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಮೊಕದ್ದಮೆ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದುಕೊಡಲು ಒಪ್ಪಿಕೊಂಡೆ. ನಾಲ್ಕು ಪುಟ ತಾನೇ, ಒಂದು ಭಾನುವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಕಥೆ ಬಹಳ ಜನಕ್ಕೆ ಗೊತ್ತಿರುತ್ತದೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಅಂತ ಒಂದು ಜೆರಾಕ್ಸ್ ಅಂಗಡಿ. ಮೇಷ್ಟ್ರುಗಳು ಓದಲು ಹೇಳಿದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು, ಒಟ್ಟು ಮಾಡಿ, ಬೈಂಡ್ ಮಾಡಿ ಮಾರುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಸೇರಿಕೊಂಡು ಅಂಗಡಿ ಮೇಲೂ ವಿಶ್ವವಿದ್ಯಾಲಯದ ಮೇಲೂ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಮಜಾ ಅಂದರೆ, ಯಾರ ಬರಹ ಜೆರಾಕ್ಸ್ ಆಗುತ್ತಿತ್ತೋ ಆ ಲೇಖಕರಲ್ಲೇ ಹಲವರು ‘ನಮ್ಮ ಹೆಸರಿನಲ್ಲಿ ಇದು ಬೇಡ, ದಾವೆ ವಾಪಸ್ ತಗೊಳ್ಳಿ’ ಅಂತ ಪ್ರಕಾಶಕರಿಗೆ ಪತ್ರ ಬರೆದರು.

ಇಡೀ ಜಗಳ ನಿಂತಿದ್ದು ಮೇಲಿನ ಐದು ಪದಗಳ ಮೇಲೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಯಾವುದನ್ನೆಲ್ಲ ಉಲ್ಲಂಘನೆ ಅನ್ನಬಾರದು ಎಂದು ಉದ್ದನೆಯ ಪಟ್ಟಿ ಕೊಡುತ್ತದೆ. ಅದರಲ್ಲಿ ಒಂದು, ಮೇಷ್ಟ್ರಾಗಲಿ ವಿದ್ಯಾರ್ಥಿಯಾಗಲಿ ‘ಇನ್ ದ ಕೋರ್ಸ್ ಆಫ್ ಇನ್‌ಸ್ಟ್ರಕ್ಷನ್’ ಮಾಡಿಕೊಳ್ಳುವ ಪ್ರತಿ. ಇದು ತರಗತಿಯ ಒಳಗೆ, ಪಾಠ ನಡೆಯುವಾಗ ಮಾತ್ರ ಅಂತ ಪ್ರಕಾಶಕರ ವಾದ. ಅಲ್ಲ, ತರಗತಿಗೆ ಮುಂಚೆ ಓದಿಕೊಂಡು ಬರುವುದು, ಆಮೇಲೆ ಪರೀಕ್ಷೆಗೆ ಕೂರುವುದು, ಇಡೀ ವರ್ಷ ಮೇಷ್ಟ್ರ ಕೈಕೆಳಗೆ ಕಲಿಯುವುದು ಎಲ್ಲ ಸೇರುತ್ತದೆ ಅಂತ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು 2016ರ ಸೆಪ್ಟೆಂಬರ್ 16ರಂದು ಹೇಳಿದರು. ಕಾಪಿರೈಟ್ ಅನ್ನುವುದು ದೇವರು ಕೊಟ್ಟ ಹಕ್ಕೂ ಅಲ್ಲ, ಹುಟ್ಟಿನಿಂದ ಬಂದ ಹಕ್ಕೂ ಅಲ್ಲ ಎಂಬ ಮಾತು ಬಂದದ್ದು ಆ ತೀರ್ಪಿನಲ್ಲೇ.

ಈಗ ನನ್ನ ಕಷ್ಟ ನೋಡಿ. ಮೊದಲ ಕರಡಿನಲ್ಲಿ ನಾನು ‘ಪಾಠದ ವೇಳೆ’ ಅಂತ ಬರೆದಿದ್ದೆ. ಸರಾಗವಾಗಿ ಬಂತು, ಮುಂದೆ ಹೋದೆ. ಎರಡು ಪುಟ ಆದ ಮೇಲೆ ತೀರ್ಪಿನ ಸಾರಕ್ಕೆ ಬಂದಾಗ ವಾಕ್ಯ ಕೂರುತ್ತಲೇ ಇಲ್ಲ. ‘ಪಾಠದ ವೇಳೆ ಎಂದರೆ ಪಾಠದ ವೇಳೆ ಮಾತ್ರವಲ್ಲ’ ಅಂತ ಬರೆಯಬೇಕಾಯಿತು! ಯಾಕೆ ಅಂತ ನೋಡಿದರೆ, ನಾನು ಅನುವಾದದಲ್ಲೇ ಪ್ರಕಾಶಕರನ್ನು ಗೆಲ್ಲಿಸಿಬಿಟ್ಟಿದ್ದೆ. ಇಂಗ್ಲಿಷಿನಲ್ಲಿ ಎರಡೂ ಕಡೆಗೆ ಎಳೆಯಬಹುದಾದ ಮಾತು ಕನ್ನಡದಲ್ಲಿ ಒಂದೇ ಕಡೆಗೆ ವಾಲಿತ್ತು. ಯಂತ್ರಾನುವಾದಕ್ಕೆ ಹಾಕಿ ನೋಡಿದೆ, ‘ಸೂಚನೆಯ ಸಮಯದಲ್ಲಿ’ ಅಂತ ಕೊಟ್ಟಿತು. ಅದರ ಬಗ್ಗೆ ಏನೂ ಹೇಳುವುದಿಲ್ಲ.

ಸರಿ ಅಂತ ‘ಪಾಠಪ್ರವಚನದ ಅಂಗವಾಗಿ’ ಅಂದೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮಲ್ಲಿ ‘ಅಂಗವಾಗಿ’ ಎಷ್ಟು ಸಡಿಲ ಅಂದರೆ ಗಣೇಶೋತ್ಸವದ ಅಂಗವಾಗಿ ಆರ್ಕೆಸ್ಟ್ರಾ, ರಾಜ್ಯೋತ್ಸವದ ಅಂಗವಾಗಿ ರಂಗೋಲಿ ಸ್ಪರ್ಧೆ, ಅದರ ಅಂಗವಾಗಿ ರಕ್ತದಾನ ಶಿಬಿರ. ಏನನ್ನು ಬೇಕಾದರೂ ತಂದು ನೇತುಹಾಕಬಹುದು. ಕೋರ್ಟು ಅಷ್ಟು ಸಡಿಲ ಬಿಡಲಿಲ್ಲ. ಅದೇ ವರ್ಷ ಡಿಸೆಂಬರ್ 9ಕ್ಕೆ ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಎಂಡ್ಲಾ ಅವರ ತೀರ್ಪನ್ನು ಬಹುಪಾಲು ಒಪ್ಪಿಕೊಂಡಿತು. ಆದರೆ ಜೆರಾಕ್ಸ್ ಮಾಡಿದ್ದು ಪಾಠಕ್ಕೆ ನಿಜಕ್ಕೂ ಬೇಕಿತ್ತೇ ಅನ್ನುವುದನ್ನು ನೋಡಬೇಕು ಎಂದು ಹೇಳಿತು. ಎಷ್ಟು ಪುಟ ಅನ್ನುವುದಕ್ಕಿಂತ ಯಾತಕ್ಕೆ ಅನ್ನುವುದು ಮುಖ್ಯ ಅಂತ ಅದರ ತಿರುಳು. (ಕೊನೆಗೆ 2017ರ ಮಾರ್ಚಿನಲ್ಲಿ ಪ್ರಕಾಶಕರೇ ದಾವೆ ಹಿಂದಕ್ಕೆ ಪಡೆದರು.)

ಹಾಗಾದರೆ ಒಂದು ಬಿಗಿ, ಇನ್ನೊಂದು ಸಡಿಲ. ನಡುವಿನದ್ದು ಬೇಕು. ಹುಡುಕುತ್ತಾ ಹೋದಾಗ ನೆನಪಾದದ್ದು ಕಾರ್ಮಿಕರ ಪರಿಹಾರದ ಕಾಯ್ದೆ. ಅದರಲ್ಲೂ ಇದೇ ‘ಇನ್ ದ ಕೋರ್ಸ್ ಆಫ್’ ಇದೆ, ಉದ್ಯೋಗದ ಜೊತೆಗೆ. ಅದಕ್ಕೆ ನಮ್ಮ ಜನ ಎಂದೋ ಒಂದು ಒಳ್ಳೆ ಮಾತು ಮಾಡಿಕೊಂಡಿದ್ದಾರೆ: ‘ಡ್ಯೂಟಿ ಮೇಲೆ’. ಬಸ್ ಕಂಡಕ್ಟರು ಡ್ಯೂಟಿ ಮೇಲಿದ್ದಾರೆ ಅಂದರೆ ಟಿಕೆಟ್ ಹರಿಯುವ ಆ ಗಳಿಗೆ ಅಂತ ಯಾರೂ ತಿಳಿಯುವುದಿಲ್ಲ. ಡಿಪೋದಲ್ಲಿ ಟೀ ಕುಡಿಯುತ್ತಿದ್ದರೂ ಡ್ಯೂಟಿ ಮೇಲೇ. ಮನೆಯಲ್ಲಿ ಮಲಗಿದ್ದರೆ ಅಲ್ಲ. ಎಷ್ಟು ಹದವಾಗಿದೆ ನೋಡಿ! ಆದರೆ ‘ಪಾಠದ ಮೇಲೆ’ ಅನ್ನಲು ಆಗಲ್ಲ, ಅಲ್ವಾ.

ಸದ್ಯಕ್ಕೆ ‘ಕಲಿಕೆಗೆ ಬೇಕಾಗಿ’ ಅಂತ ಇಟ್ಟುಕೊಂಡಿದ್ದೇನೆ. ಇದರಲ್ಲಿ ಮೇಷ್ಟ್ರೂ ಬರುತ್ತಾರೆ, ವಿದ್ಯಾರ್ಥಿಯೂ ಬರುತ್ತಾನೆ. ‘ಬೋಧನೆ’ ಅಂದರೆ ವಿದ್ಯಾರ್ಥಿ ಹೊರಗೇ ಉಳಿದುಬಿಡುತ್ತಾನೆ. ‘ಬೇಕಾಗಿ’ ಇರುವುದರಿಂದ ಬೇಡದ್ದನ್ನು ನೇತುಹಾಕುವಂತಿಲ್ಲ. ಕೊರತೆ ಏನೆಂದರೆ ‘ಕೋರ್ಸ್’ನಲ್ಲಿರುವ ಕಾಲದ ಹರಿವು ಹೋಯಿತು. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಎರಡನೇ ಪದ ‘ಫೇರ್ ಡೀಲಿಂಗ್’, ಅಂದರೆ ಬೇರೆಯವರ ಕೃತಿಯನ್ನು ಕೇಳದೆಯೇ ಒಂದು ಮಿತಿಯಲ್ಲಿ ಬಳಸಲು ಕಾನೂನು ಬಿಟ್ಟಿರುವ ಅವಕಾಶ. ಪತ್ರಿಕೆಗಳಲ್ಲಿ ‘ನ್ಯಾಯಯುತ ವ್ಯವಹಾರ’ ಅಂತ ನೋಡಿದ್ದೇನೆ. ನನಗೆ ಅದು ಗಿರವಿ ಅಂಗಡಿ ಬೋರ್ಡಿನ ಹಾಗೆ ಕೇಳಿಸುತ್ತದೆ. ಇನ್ನು ಬೆಂಗಳೂರಿನಲ್ಲಿ ‘ಡೀಲಿಂಗ್’ ಅಂದರೆ ಸೈಟಿನ ವಿಷಯವೇ. ಕೆಲವರು ‘ನ್ಯಾಯಯುತ ಬಳಕೆ’ ಅನ್ನುತ್ತಾರೆ, ಆದರೆ ಅಮೆರಿಕದ ‘ಫೇರ್ ಯೂಸ್’ಗೂ ಅದನ್ನೇ ಬಳಸುತ್ತಾರೆ. ಅಲ್ಲಿಯದೂ ಇಲ್ಲಿಯದೂ ಒಂದೇ ಅಲ್ಲ. ಅಮೆರಿಕದವರ 1976ರ ಕಾಯ್ದೆಯಲ್ಲಿ ನಾಲ್ಕು ಅಂಶ ಹೇಳಿ, ತೂಗಿ ನೋಡಿ ಅಂತ ಕೋರ್ಟಿಗೆ ಬಿಟ್ಟಿದ್ದಾರೆ. ಬಾಗಿಲು ತೆರೆದೇ ಇದೆ. ನಮ್ಮದು ಬ್ರಿಟಿಷರಿಂದ ಬಂದದ್ದು: ಸಂಶೋಧನೆಯೂ ಸೇರಿ ಸ್ವಂತ ಉಪಯೋಗ, ವಿಮರ್ಶೆ, ಸುದ್ದಿ ವರದಿ, ಇಂಥ ಉದ್ದೇಶಕ್ಕೆ ಮಾತ್ರ ಅಂತ ಮೊದಲೇ ಹೇಳಿದೆ. ಎಐ ಕಂಪನಿಗಳು ಬರಹಗಳನ್ನು ನುಂಗಿಕೊಳ್ಳುವುದರ ಬಗ್ಗೆ ಈಗ ನಡೆದಿರುವ ಚರ್ಚೆಯಲ್ಲಿ ಈ ವ್ಯತ್ಯಾಸವೇ ದೊಡ್ಡದು. ಎರಡಕ್ಕೂ ಒಂದೇ ಪದ ಹಾಕಿದರೆ ಕನ್ನಡದಲ್ಲಿ ಆ ಚರ್ಚೆಯೇ ಆಗುವುದಿಲ್ಲ.

ನನ್ನ ಸಲಹೆ ಹೀಗಿದೆ. ‘ಫೇರ್ ಯೂಸ್’ಗೆ ‘ನ್ಯಾಯಬಳಕೆ’. ನ್ಯಾಯಬೆಲೆ ಅಂಗಡಿ ಗೊತ್ತಿರುವವರಿಗೆಲ್ಲ ಇದು ಅರ್ಥವಾಗುತ್ತೆ. ‘ಫೇರ್ ಡೀಲಿಂಗ್’ಗೆ ‘ಸಲ್ಲುವ ಬಳಕೆ’. ‘ಸಲ್ಲು’ ಮೂಲದಲ್ಲಿ ನಾಣ್ಯಕ್ಕೂ ಹೊಂದುವ ಮಾತು. ಬಸವಣ್ಣನವರು ‘ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ’ ಅನ್ನುವ ಮೊದಲು ನಾಣ್ಯ ಅಚ್ಚು ಹಾಕುವ ಕಮ್ಮಟದ ಮಾತೆತ್ತಿರುವುದು ಸುಮ್ನೆ ಅಲ್ಲ. ಇಂಥ ಕಡೆ ನಡೆಯುತ್ತದೆ, ಇಂಥ ಕಡೆ ನಡೆಯದು ಎಂಬ ಎಣಿಕೆ ಆ ಪದದಲ್ಲೇ ಇದೆ. ‘ಇದು ಸಲ್ಲದು’ ಅಂದಾಗ ತಪ್ಪು-ಸರಿಯ ಮಾತೂ ಬರುತ್ತದೆ. ನನ್ನ ತಂಗಿ ಮಾತ್ರ ‘ಇದು ಪಂಡಿತರ ಕನ್ನಡ, ಈಗ ನೋಟು ನಡೆಯುತ್ತೆ, ಸಲ್ಲಲ್ಲ’ ಅಂತ ನಗುತ್ತಾಳೆ.

‘ಪಬ್ಲಿಕ್ ಡೊಮೇನ್’ ಬಗ್ಗೆ ಜಾಸ್ತಿ ಹೇಳಲ್ಲ. ದಯವಿಟ್ಟು ‘ಸಾರ್ವಜನಿಕ ವಲಯ’ ಅನ್ನಬೇಡಿ, ಅದು ಬ್ಯಾಂಕುಗಳಿಗೆ ಹೋಗಿಯಾಗಿದೆ. ‘ಹಕ್ಕು ತೀರಿದ ಕೃತಿ’ ಸಾಕಲ್ಲವೇ? ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಲೇಖಕರು ತೀರಿಕೊಂಡ ಮೇಲೆ ಹಕ್ಕು ಉಳಿಯುವ ಅರವತ್ತು ವರ್ಷ ಸೇರಿಸಿದರೆ ಅವರು ಬದುಕಿದ್ದಾಗ ಪ್ರಕಟಿಸಿದ ಕವನಗಳ ಹಕ್ಕು ತೀರುವುದು 2041ರ ಕೊನೆಗೆ. ವಾಕ್ಯ ಸಲೀಸಾಗಿ ಓಡುತ್ತದೆ.

ಕರಾವಳಿಯವರಿಗೆ ಒಂದು ಬೇರೆ ಪ್ರಶ್ನೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಹಕ್ಕಿನ ಮೊಕದ್ದಮೆ 2009ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಅಲ್ಲೂ ಬಂದದ್ದು ಇದೇ 52ನೇ ಕಲಂ. ಅದರಲ್ಲಿ ಹವ್ಯಾಸಿ ತಂಡದವರು ‘ದುಡ್ಡು ಕೊಡದ ಪ್ರೇಕ್ಷಕರ’ ಮುಂದೆ ಆಡಿದರೆ ತಪ್ಪಿಲ್ಲ ಅಂತಿದೆ. ಟೆಂಟಿನ ಯಕ್ಷಗಾನದ ಆಟಕ್ಕೆ ಟಿಕೆಟ್ ಇದೆ, ಸರಿ. ಹರಕೆ ಆಟದಲ್ಲಿ ನೋಡುವವರು ಒಂದು ಪೈಸೆ ಕೊಡುವುದಿಲ್ಲ, ಆಡಿಸಿದ ಮನೆಯವರು ಕೊಡುತ್ತಾರೆ. ಆ ಮನೆಯವರೂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಆಡುವವರು ಹವ್ಯಾಸಿಗಳೇ ಆಗಿದ್ದರೆ, ಆ ಮನೆಯವರನ್ನು ಪ್ರೇಕ್ಷಕರು ಅನ್ನಬೇಕೋ ಆಡಿಸಿದವರು ಅನ್ನಬೇಕೋ? ‘ಪುಕ್ಕಟೆ ಆಟ’ ಅಂತ ಬರೆದರೆ ಮೇಳದವರು ಬೈಯುತ್ತಾರೆ.

ಇನ್ನು ಕಾಪಿರೈಟಿಗೇ ಕೃತಿಸ್ವಾಮ್ಯ, ಗ್ರಂಥಸ್ವಾಮ್ಯ, ಹಕ್ಕುಸ್ವಾಮ್ಯ ಎಲ್ಲ ಓಡಾಡುತ್ತಿವೆ. ನಾನು ಕೃತಿಸ್ವಾಮ್ಯದ ಕಡೆ. ಹಾಡು, ಫೋಟೊ, ಸಾಫ್ಟ್‌ವೇರ್ ಎಲ್ಲಕ್ಕೂ ಆಗುತ್ತದೆ. ಹಕ್ಕುಸ್ವಾಮ್ಯವನ್ನು ಪೇಟೆಂಟಿಗೂ ಬಳಸುವವರಿದ್ದಾರೆ, ಗೊಂದಲ ಬೇಡ. ಈ ಜಗಳ ಇನ್ನೊಮ್ಮೆ ಆಡೋಣ.

ಕನ್ನಡದಲ್ಲೇ ಕಾನೂನು ಪರೀಕ್ಷೆ ಬರೆದವರು ಇಲ್ಲಿ ಯಾರಾದರೂ ಇದ್ದೀರಾ? 52ನೇ ಕಲಂ ಬಂದಾಗ ಉತ್ತರ ಪತ್ರಿಕೆಯಲ್ಲಿ ನೀವು ಏನಂತ ಬರೆದಿರಿ? ನಿಘಂಟಿನ ಮಾತು ಬೇಡ, ನಿಮ್ಮ ನೋಟ್ಸಿನಲ್ಲಿದ್ದದ್ದು ಹೇಳಿ. ಶುಕ್ರವಾರದೊಳಗೆ ಟಿಪ್ಪಣಿ ಕೊಡಬೇಕು.